ಚಿಗವ್ವ ಮತ್ತು ಮನುಷ್ಯರ ಕೈಗಳು

ನಮ್ಮ ಚಿಗವ್ವನಿಗೆ ಇಡೀ ಮನುಷ್ಯಕುಲದ ಮೇಲೆ ಇದ್ದದ್ದು ಒಂದೇ ಒಂದು ತಕರಾರು: ಅದಕ್ಕೆ ಕೈಗಳಿವೆ ಎಂಬುದು! ಸುಳ್ಳು ಹೇಳುವವರನ್ನು ಅವಳು ಕ್ಷಮಿಸುತ್ತಿದ್ದಳು. ಸಾಲಿನಲ್ಲಿ ನುಗ್ಗುವವರನ್ನು ಕ್ಷಮಿಸುತ್ತಿದ್ದಳು. ಹೈದರಾಬಾದಿನ ಆಟೋದವರನ್ನು ಕೂಡ ಕ್ಷಮಿಸುತ್ತಿದ್ದಳು ಎಂದರೆ ಅವಳ ದೊಡ್ಡ ಮನಸ್ಸು ನಿಮಗೆ ಅರ್ಥವಾಗಬೇಕು. ಆದರೆ ಯಾರಾದರೂ ಬರಿಗೈಯಿಂದ ಏನನ್ನಾದರೂ ಮುಟ್ಟಿದರೋ, ಮುಗಿಯಿತು. "ದೇವರು ಎಲ್ಲಾ ಛಲೋ ಮಾಡ್ಯಾನ. ಕೈ ಮಾಡುವಾಗ ಅವಸರ ಮಾಡ್ಯಾನ" ಎನ್ನುತ್ತಿದ್ದಳು.

ಇದನ್ನು ಕೇಳಿ ನೀವು ಚಿಗವ್ವನನ್ನು ಮಡಿವಂತೆ ಎಂದುಕೊಂಡರೆ ನಿಮ್ಮ ತಪ್ಪೇನಿಲ್ಲ. ಬೀದರಿನಲ್ಲಿದ್ದ ನಮ್ಮ ಅಜ್ಜಿಯೂ ಹಾಗೆಯೇ ತಿಳಿದು ಆರು ತಿಂಗಳು ಹಿಗ್ಗಿದ್ದಳು. ಹೈದರಾಬಾದಿಗೆ ಹೋದ ಮಗಳು ಕೆಡಲಿಲ್ಲ, ಇನ್ನೂ ಒಂದು ಕೈ ಮೇಲಾದಳು ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಆಮೇಲೆ ಗೊತ್ತಾಯಿತು, ಮಗಳು ದಿನವಿಡೀ ಇರುವುದು ಮೀನಿನ ಗುಲ್ಮ ಮತ್ತು ಮೂತ್ರಪಿಂಡಗಳ ನಡುವೆ ಎಂದು. ಈರುಳ್ಳಿಗೂ ಹಿಂದೆ ಮುಂದೆ ನೋಡುತ್ತಿದ್ದ ಮನೆ ಅದು. ಅಜ್ಜಿ ಎರಡು ದಿನ ಊಟ ಬಿಟ್ಟಳು.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಕೆಲಸ. ಕೆರೆಯಲ್ಲಿ ಸಾಕುವ ಮೀನಿನ ಮರಿಗಳಿಗೆ ಒಂದು ವೈರಸ್ಸು ತಗಲುತ್ತದೆ. ಸಂಜೆ ಗಿರಗಿರ ಸುತ್ತಲು ಶುರುಮಾಡಿದ ಮರಿಗಳು ಬೆಳಗಾಗುವಷ್ಟರಲ್ಲಿ ಹೊಟ್ಟೆ ಮೇಲೆ ಮಾಡಿ ತೇಲುತ್ತವೆ. ಆ ವೈರಸ್ಸಿನ ಹಿಂದೆ ಬಿದ್ದವಳು ನಮ್ಮ ಚಿಗವ್ವ. ಹುಡುಕುತ್ತಿರುವುದೇನು ಎಂದು ಅಜ್ಜಿ ಕೇಳಿದಾಗ ಅವಳು ತಾಳ್ಮೆಯಿಂದ ವಿವರಿಸಿದ್ದು ನಮ್ಮ ಮನೆಯಲ್ಲಿ ಈಗಲೂ ಎಲ್ಲರಿಗೂ ಬಾಯಿಪಾಠ.

"ವೈರಸ್ ಅಂದ್ರ ಕಳ್ಳ ಇದ್ದಂಗವಾ. ಕೈಯಾಗ ಒಂದ ಚೀಟಿ ಹಿಡ್ಕೊಂಡು ಮೀನಿನ ಮನಿಯೊಳಗ ಹೊಕ್ತಾನ. ಆ ಮನಿಯವರ ಕಡಿಂದನ ಚೀಟಿ ನಕಲ ಬರಸ್ತಾನ, ಸಾವಿರಗಟ್ಟಲೆ. ಆ ಚೀಟಿಗೆ ಆರ್‌ಎನ್‌ಎ ಅಂತಾರ. ನಕಲ ಬರಿಯೋದು ಎಷ್ಟನೇ ತಾಸಿಗೆ ಶುರು ಆಕ್ಕೈತಿ, ಅದನ್ನ ನೋಡಾಕತ್ತೀನಿ."

ಅಜ್ಜಿ ಕೇಳಿದಳು: "ಕಳ್ಳ ಹೊಕ್ಕಾನ ಅಂತ ಗೊತ್ತಾದ ಮ್ಯಾಲೆ ತಾಸ ಯಾಕ ನೋಡ್ತಿ? ಹಿಡೀ ಅವನ್ನ."

ಚಿಗವ್ವನ ಕೆಲಸದ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ಅವಳ ದೊಡ್ಡ ಸಾಹೇಬರಿಂದಲೂ ಬರಲಿಲ್ಲ.

ಇನ್ನು ಕೈಗಳ ವಿಷಯ. ಈ ಆರ್‌ಎನ್‌ಎ ಎನ್ನುವುದು ಅಳುಬುರುಕ ಕೂಸಿಗಿಂತ ನಾಜೂಕು. ಮನುಷ್ಯರ ಕೈಬೆವರಿನಲ್ಲಿ, ಎಂಜಲಿನಲ್ಲಿ, ಅದನ್ನು ತಿಂದು ಹಾಕುವ ಏನೋ ಒಂದು ಇರುತ್ತದಂತೆ. ನನ್ನ ಕೈಯಲ್ಲೂ ಇದೆ, ನಿಮ್ಮ ಕೈಯಲ್ಲೂ ಇದೆ. ಆದ್ದರಿಂದ ಗ್ಲೌಸಿಲ್ಲದೆ ಮುಟ್ಟುವ ಹಾಗಿಲ್ಲ, ಮುಚ್ಚಳ ತೆಗೆದಾಗ ಮಾತಾಡುವ ಹಾಗಿಲ್ಲ, ಗಾಜಿನ ಸಾಮಾನನ್ನು ರೊಟ್ಟಿಯ ಹಾಗೆ ಸುಟ್ಟು ಬಳಸಬೇಕು. ಪ್ರಯೋಗಾಲಯದ ಉಳಿದವರು ಸಂಜೆ ಐದಕ್ಕೆ ಇದನ್ನೆಲ್ಲ ಅಲ್ಲೇ ಬಿಟ್ಟು ಮನೆಗೆ ಹೋಗುತ್ತಿದ್ದರು. ಚಿಗವ್ವ ಜೊತೆಗೆ ಕಟ್ಟಿಕೊಂಡು ಬರುತ್ತಿದ್ದಳು.

ಅವಳನ್ನು ನೋಡಲು ಕಲಬುರಗಿಯಿಂದ ಒಬ್ಬ ವರ ಬಂದಿದ್ದನಂತೆ. ಒಳ್ಳೆಯ ಮನೆತನ, ಕಾಲೇಜಿನಲ್ಲಿ ನೌಕರಿ. ಚಹಾ ಆಯಿತು, ಚೂಡಾ ಆಯಿತು. ಹುಡುಗಿಗೆ ಏನಾದರೂ ಕೇಳುವುದಿದ್ದರೆ ಕೇಳಲಿ ಎಂದು ದೊಡ್ಡವರು ಔದಾರ್ಯ ತೋರಿಸಿದರು. ಚಿಗವ್ವ ಕೇಳಿದಳು: "ನಿಮಗ ಅಂಗೈ ಭಾಳ ಬೆವರ್ತಾವೇನ್ರಿ?" ಆ ಪ್ರಶ್ನೆಯಿಂದಲೇ ಪಾಪ, ಅವನಿಗೆ ಅಂಗೈ ಬೆವರತೊಡಗಿತು. ಒಪ್ಪಿಗೆಯೋ ಅಲ್ಲವೋ ಎಂದು ಅವರ ಕಡೆಯಿಂದ ಇವತ್ತಿನವರೆಗೆ ಉತ್ತರ ಬಂದಿಲ್ಲ.

ಇಷ್ಟೆಲ್ಲ ನಗುನಗುತ್ತ ಹೇಳುತ್ತಿದ್ದೇನೆ. ಆದರೆ ಚಿಗವ್ವನ ಕಥೆಯಲ್ಲಿ ಒಂದು ಜಾಗವಿದೆ, ಅದನ್ನು ದಾಟದೆ ಮುಂದೆ ಹೋಗಲು ಬರುವುದಿಲ್ಲ. ಅವಳು ಪಿಎಚ್.ಡಿ. ಮುಗಿಸಿ ಡಾಕ್ಟರ್ ಎನಿಸಿಕೊಳ್ಳಬೇಕಾಗಿತ್ತು. ಆಗಲಿಲ್ಲ. ಕೊನೆಯವರೆಗೂ ಟೆಕ್ನಿಕಲ್ ಅಸಿಸ್ಟೆಂಟ್ ಆಗಿಯೇ ಉಳಿದಳು. ಅದಕ್ಕೆ ಕಾರಣ ಒಂದು ಕೈ. ಆ ಕೈ ನನ್ನದು ಎಂದು ಇಪ್ಪತ್ತನಾಲ್ಕು ವರ್ಷ ನಾನು ಒಬ್ಬಳೇ ಮನಸ್ಸಿನಲ್ಲಿಟ್ಟುಕೊಂಡಿದ್ದೆ.

ನನ್ನ ತಂದೆಯ ಮುಖ ನನಗೆ ನೆನಪಿಲ್ಲ. ತಾಯಿ ಹೋದಾಗ ನನಗೆ ಒಂಬತ್ತು. ಕಾರ್ಯಗಳೆಲ್ಲ ಮುಗಿದ ಮೇಲೆ, ಈ ಹುಡುಗಿ ಎಲ್ಲಿರಬೇಕು ಎಂದು ಬೀದರಿನ ಪಡಸಾಲೆಯಲ್ಲಿ ದೊಡ್ಡವರ ಮಾತುಕತೆ ನಡೆದಿತ್ತು. ಚಿಗವ್ವ ನಡುವೆ ಎದ್ದು, "ಗಾಡಿ ಹೊತ್ತಾತು. ಇಕಿ ಅಂಗಿ ಅರಿವಿ ಎಲ್ಲಿ ಅದಾವ?" ಎಂದಳು. ಅಷ್ಟೇ ನಿರ್ಣಯ. ಹೈದರಾಬಾದಿನ ನಾಂಪಲ್ಲಿ ಸ್ಟೇಷನ್ನಿನಲ್ಲಿ ಇಳಿದು ನಾವು ಮನೆಗೆ ಹೋಗಲಿಲ್ಲ, ನೇರವಾಗಿ ಪ್ರಯೋಗಾಲಯಕ್ಕೆ ಹೋದೆವು. ಮೂರು ತಿಂಗಳು ಎರಡೆರಡು ತಾಸಿಗೊಮ್ಮೆ ತೆಗೆದು ಕೂಡಿಸಿಟ್ಟ ಆರ್‌ಎನ್‌ಎ ಹನ್ನೆರಡು ಸಣ್ಣ ಟ್ಯೂಬುಗಳಲ್ಲಿ ಕಾದಿತ್ತು. ಅವುಗಳನ್ನು ಕೊನೆಯ ಪರೀಕ್ಷೆಗೆ ಹಾಕುವ ಯಂತ್ರದ ಪಾಳಿ ಅವತ್ತೇ. ತಪ್ಪಿದರೆ ಮತ್ತೆ ಯಾವಾಗಲೋ.

ಚಿಗವ್ವ ನನ್ನನ್ನು ಒಂದು ಎತ್ತರದ ಸ್ಟೂಲಿನ ಮೇಲೆ ಕೂಡಿಸಿ, "ಏನೂ ಮುಟ್ಟಬ್ಯಾಡ" ಎಂದು ಹೇಳಿ ದೊಡ್ಡ ಸಾಹೇಬರ ಕೋಣೆಗೆ ಹೋದಳು. ಎದುರಿಗೆ ಐಸಿನ ಡಬ್ಬಿ. ಅದರಲ್ಲಿ ಕೆಂಪು, ಹಳದಿ, ಹಸಿರು ಮುಚ್ಚಳದ ಹನ್ನೆರಡು ಟ್ಯೂಬು, ನನ್ನ ಕಿರುಬೆರಳಿನಷ್ಟು. ನೀವೇ ಹೇಳಿ, ಒಂಬತ್ತು ವರ್ಷದವಳ ಎದುರಿಗೆ ಅಂಥದ್ದನ್ನು ಇಟ್ಟು ಮುಟ್ಟಬೇಡ ಎಂದರೆ ಏನಾಗುತ್ತದೆ? ಒಂದೊಂದಾಗಿ ಎತ್ತಿ ಎಣಿಸಿದೆ. ಹನ್ನೆರಡೂ. ಮತ್ತೆ ಹಾಗೇ ಚುಚ್ಚಿಟ್ಟೆ. ಆಮೇಲೆ ತಾಯಿ ನೆನಪಾಗಿ ಅಳತೊಡಗಿದೆ. ಅಷ್ಟೇ ನನ್ನ ನೆನಪು. ಎಚ್ಚರವಾದಾಗ ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯ ಎರಡು ಕೋಣೆಯ ಮನೆಯಲ್ಲಿ, ಚಾಪೆಯ ಮೇಲಿದ್ದೆ.

ಪರೀಕ್ಷೆಯಲ್ಲಿ ಕಪ್ಪು ಗೆರೆಗಳು ಬರಬೇಕಾದ ಕಡೆ ಬೂದಿ ಒರೆಸಿದ ಹಾಗೆ ಬರೀ ಮಬ್ಬು ಬಂದಿತ್ತಂತೆ. ಹನ್ನೆರಡರಲ್ಲಿ ಒಂದೂ ಉಳಿದಿರಲಿಲ್ಲ. ಎರಡು ದಿನದ ಮೇಲೆ ಚಿಗವ್ವ ಅಜ್ಜಿಗೆ ಫೋನಿನಲ್ಲಿ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. "ಎಲ್ಲಾ ಕೆಟ್ಟ ಹೋತವಾ. ಕೈ ತಾಗಿತು." ಯಾರ ಕೈ ಎಂದು ಅವಳು ಹೇಳಲಿಲ್ಲ. ಅಜ್ಜಿ ಕೇಳಿರಲಿಕ್ಕಿಲ್ಲ. ನಾನಂತೂ ಕೇಳಲು ಹೋಗಲಿಲ್ಲ.

ಮತ್ತೆ ಮೊದಲಿನಿಂದ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಮತ್ತೆ ಮೂರು ತಿಂಗಳು ಎರಡು ತಾಸಿಗೊಮ್ಮೆ ಸ್ಯಾಂಪಲ್ ತೆಗೆಯಬೇಕು, ಹಗಲಿರುಳು ಅಲ್ಲೇ ಇರಬೇಕು. ಮನೆಯಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳಿಗೆ ಶಾಲೆಯ ಡಬ್ಬಿ ಕಟ್ಟುವವರು ಯಾರು? ದೊಡ್ಡ ಸಾಹೇಬರು ಆ ವಿಷಯವನ್ನು ಆಮೇಲೆ ಬಂದ ಇನ್ನೊಬ್ಬ ಸಂಶೋಧಕನಿಗೆ ಕೊಟ್ಟರು. ಅವನು ಡಾಕ್ಟರ್ ಆದ. ಅವನಿಗೆ ಗ್ಲೌಸು ಹಾಕಿಕೊಳ್ಳುವ ಕ್ರಮ ಕಲಿಸಿದವಳು ಚಿಗವ್ವನೇ.

ಆ ದಿನದಿಂದ ಅವಳು ಮನೆಯಲ್ಲೂ ಗ್ಲೌಸು ಹಾಕತೊಡಗಿದಳು. ಸಾರಿಗೆ ಒಗ್ಗರಣೆ ಹಾಕುವಾಗ ಗ್ಲೌಸು, ದೇವರ ಮುಂದೆ ದೀಪ ಹಚ್ಚುವಾಗ ಗ್ಲೌಸು, ನನ್ನ ತಲೆ ಬಾಚುವಾಗಲೂ ಗ್ಲೌಸು. ಆ ರಬ್ಬರಿಗೆ ಕೂದಲು ಸಿಕ್ಕಿ ಚುರ್ ಎಂದಾಗಲೆಲ್ಲ ನಾನು ಕಮಕ್ ಕಿಮಕ್ ಎನ್ನುತ್ತಿರಲಿಲ್ಲ. ಇದು ನನಗೆ ಆಗಬೇಕಾದದ್ದೇ ಎಂದು ಕೂತಿರುತ್ತಿದ್ದೆ.

ತಲೆ ಬಾಚುವ ಮಾತು ಬಂತಲ್ಲ, ಜಡೆಯ ಕಥೆ ಹೇಳಿಬಿಡುತ್ತೇನೆ. ಚಿಗವ್ವನ ಬದುಕಿನ ಎರಡನೆಯ ದೈವದ ಹೆಸರು ಕಂಟ್ರೋಲ್. ಹತ್ತು ಬಾಟಲಿ ಮೀನಿನ ಜೀವಕೋಶಗಳಿಗೆ ವೈರಸ್ಸು ಹಾಕಿದರೆ, ಒಂದು ಬಾಟಲಿಗೆ ಏನೂ ಹಾಕದೆ ಪಕ್ಕದಲ್ಲಿಡಬೇಕು. ಅದೇ ಕಂಟ್ರೋಲ್. ಅದಿಲ್ಲದಿದ್ದರೆ ಯಾವುದರಿಂದ ಏನಾಯಿತು ಎಂದು ಯಾರೂ ಹೇಳುವ ಹಾಗಿಲ್ಲ. ಪಕ್ಕದ ಮನೆಯಾಕೆ ಯಾವುದೋ ಗಿಡಮೂಲಿಕೆಯ ಎಣ್ಣೆ ಹಚ್ಚಿದರೆ ಕೂದಲು ಮೊಳದುದ್ದ ಬೆಳೆಯುತ್ತದೆ ಎಂದು ಹೇಳಿದಳು. ಚಿಗವ್ವ ಎಣ್ಣೆ ತಂದಳು. ನನ್ನ ಎಡಜಡೆಗೆ ಮಾತ್ರ ಹಚ್ಚಿದಳು. ಬಲಜಡೆ ಕಂಟ್ರೋಲ್!

ಮೂರು ತಿಂಗಳು ನಾನು ಒಂದು ಕಡೆ ಮಿರಿಮಿರಿ, ಒಂದು ಕಡೆ ಗುಬ್ಬಿಗೂಡು ಹೊತ್ತು ಶಾಲೆಗೆ ಹೋದೆ. ಮನೆಯಲ್ಲಿ ಎಣ್ಣೆ ಮುಗಿದಿದೆಯೇನಮ್ಮ ಎಂದು ಟೀಚರು ತೆಲುಗಿನಲ್ಲಿ ಕನಿಕರದಿಂದ ಕೇಳಿದರು. ಕೊನೆಗೆ ಚಿಗವ್ವ ಪಟ್ಟಿ ಹಿಡಿದು ಅಳೆದಳು. ಎಡಜಡೆ ಅರ್ಧ ಬೆರಳು ಉದ್ದವಿತ್ತು. ನಾನು ಕುಣಿದಾಡಿದೆ.

"ಕುಣೀಬ್ಯಾಡ" ಎಂದಳು ಚಿಗವ್ವ. "ಒಂದ ತಲಿ ಮ್ಯಾಲೆ ಏನೂ ಹೇಳಾಕ ಬರಂಗಿಲ್ಲ. ಇನ್ನೂ ನಾಕ ತಲಿ ಬೇಕು."

ಸುಲ್ತಾನ್ ಬಜಾರಿನಲ್ಲಿ ಅವಳ ಜೊತೆ ಸೀರೆ ತರಲು ಹೋಗುವುದು ಇನ್ನೊಂದು ಪರೀಕ್ಷೆ. ಗ್ಲೌಸಿನ ಕೈಯಲ್ಲಿ ಸೆರಗು ಹಿಡಿದು, ಬೆಳಕಿಗೆ ಒಡ್ಡಿ, ಮಾತಿಲ್ಲದೆ ಎರಡು ನಿಮಿಷ ನೋಡುತ್ತಿದ್ದಳು. ಒಮ್ಮೆ ಒಬ್ಬ ಅಂಗಡಿಯವನ ಮುಖ ಬಿಳಿಚಿತು. "ಮೇಡಂ, ಕೌನ್ಸೆ ಡಿಪಾರ್ಟ್‌ಮೆಂಟ್ ಸೆ ಆಯೇ?" ಎಂದ. ಚಿಗವ್ವ ಸತ್ಯವಂತೆ. "ವೈರಸ್" ಎಂದಳು. ಅಂಥದ್ದೊಂದು ಇಲಾಖೆ ಇದೆ ಎಂದು ಅವನಿಗೆ ಗೊತ್ತಿರಲಿಲ್ಲ, ಇಲ್ಲ ಎಂದು ಹೇಳುವ ಧೈರ್ಯವೂ ಇರಲಿಲ್ಲ. ಕುರ್ಚಿ ಬಂತು, ತಂಪು ಸೋಡಾ ಬಂತು, ಸೀರೆ ಅರ್ಧ ಬೆಲೆಗೆ ಬಂತು. ಹೊರಗೆ ಬಂದ ಮೇಲೆ ಅವಳು ಹೇಳಿದ್ದು: "ಈ ಅಂಗಡಿಯವರು ಭಾಳ ಸಭ್ಯಸ್ಥರ ಅದಾರ ನೋಡು."

ನಾನು ನಕ್ಕು ನಕ್ಕು ಸುಸ್ತಾದೆ. ರಸ್ತೆ ದಾಟುವಾಗ ಅವಳು ನನ್ನ ಮುಂಗೈ ಹಿಡಿದುಕೊಂಡಳು, ಎಂದಿನ ಹಾಗೆ, ಗ್ಲೌಸಿನ ಕೈಯಿಂದ. ಎದುರಿಗೆ ಒಬ್ಬಾಕೆ ತನ್ನ ಮಗಳ ಬೆರಳು ಹಿಡಿದು ಹೋಗುತ್ತಿದ್ದಳು. ನಾನು ಅವರನ್ನೇ ನೋಡುತ್ತ ದಾಟಿದೆ. ಹೇಳಿಬಿಡಬೇಕು ಎಂದು ಅವತ್ತೂ ಅನ್ನಿಸಿತು. ಹೇಳಿದರೆ ಏನಾದೀತು? ಬೀದರಿಗೆ ಮರಳಿ ಕಳಿಸಿದರೆ? ಹೀಗೆ ಇವತ್ತು ನಾಳೆ ಎಂದು ಹತ್ತನೆಯ ತರಗತಿ ಮುಗಿಯಿತು, ಡಿಗ್ರಿ ಮುಗಿಯಿತು, ಬ್ಯಾಂಕಿನಲ್ಲಿ ನೌಕರಿಯಾಯಿತು, ಊರಂಚಿನ ಮಣಿಕೊಂಡದಲ್ಲಿ ಫ್ಲಾಟಾಯಿತು, ಚಿಗವ್ವ ಗ್ಲೌಸಿನ ಡಬ್ಬಿಗಳ ಸಮೇತ ನನ್ನ ಜೊತೆಗೆ ಬಂದಳು. ಮಾತು ಮಾತ್ರ ಹೊರಗೆ ಬರಲಿಲ್ಲ.

ನಡುವೆ ಒಂದು ಕಾಲ ಬಂತು, ನಿಮಗೆಲ್ಲ ಗೊತ್ತಿರುವುದೇ. ಇಡೀ ಊರು ಗ್ಲೌಸು ಹಾಕಿತು, ಬಾಯಿ ಮುಚ್ಚಿಕೊಂಡಿತು, ಬಾಗಿಲ ಚಿಲಕವನ್ನು ಮೊಣಕೈಯಿಂದ ತೆಗೆಯಿತು. ಹೈದರಾಬಾದಿನ ತುಂಬ ಚಿಗವ್ವಂದಿರೇ ಓಡಾಡುತ್ತಿದ್ದರು. ಅವಳು ಬಾಲ್ಕನಿಯಲ್ಲಿ ನಿಂತು ನೋಡಿ, "ಗ್ಲೌಸ್ ಹಾಕ್ಕೊಂಡ ಮೂಗ ಕೆರಕೊಳ್ಳಾಕತ್ತಾರ. ಏನ ಉಪಯೋಗ?" ಎಂದು ಒಳಗೆ ಹೋದಳು.

ನಿವೃತ್ತಳಾಗಿ ಎರಡು ವರ್ಷಕ್ಕೆ ಅವಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಔಷಧ ಶುರುವಾದ ಮೇಲೆ ಮೈಯಲ್ಲಿ ತಡೆದುಕೊಳ್ಳುವ ಶಕ್ತಿಯೇ ಇರುವುದಿಲ್ಲವಂತೆ, ಆದ್ದರಿಂದ ಆಸ್ಪತ್ರೆಯಲ್ಲಿ ಒಂದು ಪ್ರತ್ಯೇಕ ಕೋಣೆ. ಒಳಗೆ ಹೋಗುವವರು ಗೌನು, ಮಾಸ್ಕು, ಗ್ಲೌಸು ಹಾಕಲೇಬೇಕು. ಚಿಗವ್ವನಿಗೆ ಮೊದಲ ಎರಡು ದಿನ ಸ್ವರ್ಗಕ್ಕೆ ಮೂರೇ ಗೇಣು! ಗ್ಲೌಸು ತೆಗೆಯುವಾಗ ಹೊರಮೈಯನ್ನು ಬೆರಳಿನಿಂದ ಮುಟ್ಟುತ್ತಿದ್ದೀರಿ ಎಂದು ಸಿಸ್ಟರನ್ನು ನಿಲ್ಲಿಸಿ ಐದು ಸಲ ಮಾಡಿಸಿದಳು. ಡಾಕ್ಟರು ಬಾಗಿಲಲ್ಲೇ ಎರಡು ಸಲ ಕೈ ನೋಡಿಕೊಂಡು ಒಳಗೆ ಬರುತ್ತಿದ್ದರು.

ಮೂರನೆಯ ವಾರಕ್ಕೆ ಅವಳು ಯಾರನ್ನೂ ತಿದ್ದುವುದನ್ನು ಬಿಟ್ಟಳು. ಆಗ ನನಗೆ ಹೆದರಿಕೆಯಾಯಿತು.

ಸೂಜಿ, ನಳಿಕೆ ಚುಚ್ಚಿದ್ದರಿಂದ ಅವಳ ಕೈಗಳಿಗೆ ಗ್ಲೌಸು ಇರಲಿಲ್ಲ. ಆ ಕೈಗಳನ್ನು ಅಷ್ಟು ಹೊತ್ತು ನಾನು ಎಂದೂ ನೋಡಿರಲಿಲ್ಲ. ಬಿಸಿಲು ಕಾಣದೆ ಬಿಳಿಚಿದ್ದವು, ಬೆರಳ ತುದಿ ನೀರಿನಲ್ಲಿ ನೆನೆದ ಹಾಗೆ ಸುಕ್ಕುಗಟ್ಟಿತ್ತು. ಇವತ್ತು ಹೇಳದಿದ್ದರೆ ಇನ್ನು ಹೇಳುವುದು ಯಾರಿಗೆ ಎಂದು ಅನ್ನಿಸಿ, ಬೆಳಗಿನ ಭೇಟಿಯ ಹೊತ್ತಿನಲ್ಲಿ ಕಣ್ಣುಮುಚ್ಚಿ ಶುರುಮಾಡಿದೆ.

"ಚಿಗವ್ವ, ಆ ಟ್ಯೂಬ್ ಮುಟ್ಟಿದಾಕಿ ನಾನು."

"ಯಾವ ಟ್ಯೂಬು?"

"ಬೀದರಿಂದ ಬಂದ ದಿನ. ನೀ ಸಾಹೇಬರ ರೂಮಿಗೆ ಹೋಗಿದ್ದಿ. ಹನ್ನೆರಡೂ ಮುಟ್ಟಿದ್ದೆ, ಎಣಸಾಕ. ನನ್ನಿಂದನ ಎಲ್ಲಾ ಕೆಟ್ಟಿತು. ನೀ ಡಾಕ್ಟರ್ ಆಗಲಿಲ್ಲ."

ಅವಳು ನನ್ನ ಕಡೆ ತಲೆ ಹೊರಳಿಸಿದಳು. ಆಮೇಲೆ ಕೇಳಿದಳು: "ಮುಚ್ಚಳ ತಗದಿದ್ದೇನು?"

"ಇಲ್ಲ."

"ಮತ್ತ? ಹೊರಗ ಮುಟ್ಟಿದ್ರ ಒಳಗಿಂದು ಹ್ಯಾಂಗ ಕೆಡತೈತಿ? ಇಷ್ಟ ವರ್ಷ ನನ್ನ ಮನ್ಯಾಗ ಇದ್ದು ಇದೊಂದು ಕಲೀಲಿಲ್ಲೇನು ನೀ?"

ಅವಳು ಉಸಿರು ಕೂಡಿಸಿಕೊಂಡು, ನಿಲ್ಲಿಸಿ ನಿಲ್ಲಿಸಿ ಹೇಳಿದಳು.

"ಕೆಡಿಸಿದಾಕಿ ನಾನು. ತಿರುಗಿ ಬಂದ ನೋಡ್ತೀನಿ, ನೀ ಅಳಾಕತ್ತಿದ್ದಿ. ಮೂಗ ಸುರ್ಯಾಕತ್ತಿತ್ತು. ಗ್ಲೌಸ್ ತಗದು ಮಾರಿ ಒರಸಿ ಎತ್ಕೊಂಡೆ. ಭಾಳ ಭಾರ ಇದ್ದಿ. ಹೆಗಲ ಮ್ಯಾಲ ನಿದ್ದಿ ಹೋದಿ. ಮಶೀನ್ ಪಾಳಿ ಬಂತು ಅಂತ ಕರದ್ರು. ಇಳಿಸಿದ್ರ ಎಚ್ಚರ ಆಗಿ ಮತ್ತ ಅಳ್ತಿ ಅಂತ, ಒಂದ ಕೈಲೆ ನಿನ್ನ ಹಿಡ್ಕೊಂಡು, ಒಂದ ಕೈಲೆ ಮುಚ್ಚಳ ತಗದೆ. ಗ್ಲೌಸ್ ಹಾಕ್ಕೊಳ್ಳೋದು ನೆನಪ ಆಗಲಿಲ್ಲ. ಆ ದಿನದಿಂದ ನನ್ನ ಕೈ ಮ್ಯಾಲೆ ನನಗ ಭರೋಸಾ ಹೋತು."

"ಯಾಕ ಹೇಳಲಿಲ್ಲ ನನಗ?"

"ಹೇಳಿದ್ರ, ನನ್ನಿಂದನ ಆತು ಅಂತ ನೀ ಮನಸ್ಸಿಗೆ ಹಚ್ಕೋತಿದ್ದಿ."

ಎಂಥ ಜಾಣೆ ನೋಡಿ! ಎಂಥ ಜಾಣೆಯರು ನಾವಿಬ್ಬರೂ. ಒಂದೇ ಮನೆಯಲ್ಲಿ, ಒಂದೇ ಗೋಡೆಯ ಕಡೆ ತಲೆ ಮಾಡಿ ಮಲಗಿದವರು. ನನಗೆ ನಗು ಬಂತೋ ಅಳು ಬಂತೋ, ಮಾಸ್ಕು ಪೂರ್ತಿ ಒದ್ದೆಯಾಯಿತು.

"ಗ್ಲೌಸ್ ತಗಿ" ಎಂದಳು ಚಿಗವ್ವ.

ಕಿವಿಗಳನ್ನು ನಂಬಲಾಗಲಿಲ್ಲ. "ಬ್ಯಾಡ ಚಿಗವ್ವ. ನಿನಗ ಏನಾರ ಆದ್ರ? ಸಿಸ್ಟರ್ ಬೈತಾರ."

ಅವಳು ಬಾಗಿಲ ಕಡೆ ನೋಡಿದಳು, ನನ್ನ ಎರಡೂ ಕೈಗಳನ್ನು ನೋಡಿದಳು. ಒಂದಿಷ್ಟು ಹೊತ್ತು ಲೆಕ್ಕ ಹಾಕಿದಳು. "ಹಂಗಾರ ಒಂದ ತಗಿ. ಬಲಗೈದು. ಎಡಗೈ ಕಂಟ್ರೋಲ್ ಇರಲಿ."

ಅವಳು ಕಲಿಸಿದ ಕ್ರಮದಲ್ಲೇ ತೆಗೆದೆ, ಹೊರಮೈ ಮುಟ್ಟದೆ. ಗೋಡೆಗಿದ್ದ ಔಷಧದಿಂದ ಕೈಯನ್ನು ಎರಡು ಸಲ ತೊಳೆದೆ. ಆಮೇಲೆ ಅವಳ ಕೈ ಹಿಡಿದುಕೊಂಡೆ. ಅದು ಇಷ್ಟು ಮೆತ್ತಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅವಳು ಹೆಬ್ಬೆರಳಿನಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದಳು, ನಾನು ಆ ದಿನ ಟ್ಯೂಬು ಎಣಿಸಿದ ಹಾಗೆ. ಐದನೆಯದಕ್ಕೆ ಬಂದು, "ಬೆವರ್ತೈತಿ" ಎಂದಳು. ಬಿಡಲಿಲ್ಲ.

ಎಂಟು ದಿನದ ಮೇಲೆ ಚಿಗವ್ವ ಹೋದಳು. ಕೈ ಮುಟ್ಟಿದ್ದರಿಂದ ಏನೂ ಆಗಿಲ್ಲ, ರೋಗ ಅಷ್ಟು ಮುಂದೆ ಹೋಗಿತ್ತು ಎಂದು ಡಾಕ್ಟರು ನನ್ನನ್ನು ಕೂಡಿಸಿಕೊಂಡು ಹೇಳಿದರು. ನಂಬಿದ್ದೇನೆ. ಆದರೆ ಚಿಗವ್ವನ ಮನೆಯಲ್ಲಿ ಬೆಳೆದವಳು ನಾನು, ಒಂದು ತಲೆಯ ಮೇಲೆ ಏನೂ ಹೇಳಲು ಬರುವುದಿಲ್ಲ ಎಂದು ನನಗೆ ಗೊತ್ತು.

ಬೀದರಿನಿಂದ ಹೆಂಗಸರು ಬಂದರು. ಸ್ನಾನ ಮಾಡಿಸುವಾಗ ನಾನು ಬಲಗೈಯಿಂದ ಮಾತ್ರ ನೀರು ಹಾಕಿದೆ, ಬಲಗೈಯಿಂದಲೇ ಮೈ ಒರೆಸಿದೆ. ಎಡಗೈಯನ್ನು ಸೆರಗಿನಲ್ಲಿ ಸುತ್ತಿ ಹಿಂದಕ್ಕೆ ಇಟ್ಟುಕೊಂಡಿದ್ದೆ.

"ಎರಡೂ ಕೈ ಹಚ್ಚ ತಂಗಿ, ನಿಮ್ಮ ಚಿಗವ್ವ ಅಲ್ಲೇನು" ಎಂದಳು ಒಬ್ಬ ಹಿರಿಯಾಕೆ.

"ಇದು ಕಂಟ್ರೋಲ್ ರೀ ಅಮ್ಮಾ" ಎಂದೆ.

ಸಂಕಟಕ್ಕೆ ಹುಡುಗಿಯ ತಲೆ ನೆಟ್ಟಗಿಲ್ಲ ಎಂದುಕೊಂಡು ಅವರು ಮತ್ತೆ ಕೇಳಲಿಲ್ಲ. ಈಗ ಒಮ್ಮೊಮ್ಮೆ ಬ್ಯಾಂಕಿನಲ್ಲಿ ಕೆಲಸವಿಲ್ಲದ ಹೊತ್ತಿನಲ್ಲಿ ಎರಡೂ ಕೈಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ನೋಡುತ್ತೇನೆ. ಬಲಗೈಗೆ ನಮ್ಮ ಚಿಗವ್ವನ ಕೈ ಗೊತ್ತು. ಎಡಗೈಗೆ ಇನ್ನೂ ಗೊತ್ತಿಲ್ಲ.